ಮೈ ಹುಷಾರಿಲ್ಲದವರ ಇಂಗ್ಲಿಷ್

ಹೋದ ತಿಂಗಳು ನನ್ನ ದೊಡ್ಡಮ್ಮನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬಸ್ಸಿನ ನಂಬರು ಕನ್ನಡದ ಅಂಕಿಯಲ್ಲಿ ಇಲ್ಲದಿದ್ದರೆ ಆ ಬಸ್ಸನ್ನೇ ಹತ್ತದವರು. ಆದರೆ ಡಾಕ್ಟರು "ಏನಮ್ಮ ತೊಂದರೆ?" ಎಂದದ್ದೇ ತಡ, ಸೆರಗು ಸರಿಮಾಡಿಕೊಂಡು, "ಲೂಸ್ ಮೋಷನ್ನು ಸಾರ್. ಗ್ಯಾಸ್ಟ್ರಿಕ್ಕೂ ಇದೆ. ಸ್ವಲ್ಪ ವೀಕ್ನೆಸ್ಸು" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಹೊರಗೆ ಬಂದ ಮೇಲೆ ನನಗೆ ನಗು ತಡೆಯಲಾಗಲಿಲ್ಲ.

"ಯಾಕೆ ಕಿಸಿತೀಯೇ? ಅದನ್ನೆಲ್ಲ ಕನ್ನಡದಲ್ಲಿ ಹೇಳಕ್ಕಾಗುತ್ತಾ, ಗಂಡಸರ ಮುಂದೆ?" ಎಂದು ದೊಡ್ಡಮ್ಮ ಗದರಿದರು.

ನೀವೂ ಗಮನಿಸಿರಬಹುದು. ಹೇಳಲು ನಾಚಿಕೆಯಾಗುವ ಮಾತು, ಹೇಳಲು ಹೆದರಿಕೆಯಾಗುವ ಮಾತು, ಇವೆರಡಕ್ಕೂ ನಮ್ಮ ಮನೆಗಳಲ್ಲಿ ಇಂಗ್ಲಿಷ್ ಒಂದು ಪರದೆಯ ಹಾಗೆ ಒದಗಿಬರುತ್ತದೆ. ಕ್ಯಾನ್ಸರಿಗೆ ಕನ್ನಡದಲ್ಲಿ ಹೆಸರಿಲ್ಲವೆಂದಲ್ಲ. ಆ ಹೆಸರನ್ನು ಯಾರ ಮನೆಯ ನಡುಮನೆಯಲ್ಲೂ ನಾನು ಕೇಳಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಇಂಗ್ಲಿಷಿನ ಪರದೆ ಇರಲಿಲ್ಲ. ಆದ್ದರಿಂದ ಅವರು ಕನ್ನಡದ ಒಳಗೇ ಒಂದನ್ನು ಹೊಲಿದುಕೊಂಡಿದ್ದರು. ಡಬ್ಬದಲ್ಲಿ ಅಕ್ಕಿ ಮುಗಿದರೆ 'ಹೆಚ್ಚಿದೆ' ಅನ್ನಬೇಕು. ಬಳೆ ಒಡೆದರೂ 'ಹೆಚ್ಚಿತು'. ದೀಪವನ್ನು ಆರಿಸಬಾರದು, 'ದೊಡ್ಡದು ಮಾಡಬೇಕು'. ಮಗುವಿಗೆ ಜ್ವರ ಬಂದರೆ 'ಮೈ ಬೆಚ್ಚಗಿದೆ', ಅಷ್ಟೆ. ಒಮ್ಮೆ ಶಾಲೆ ತಪ್ಪಿಸಿಕೊಳ್ಳಲು ನಾನು "ಹೊಟ್ಟೆನೋವು, ಸತ್ತೇ ಹೋಗ್ತೀನಿ" ಎಂದು ಹೊರಳಾಡಿದಾಗ ಅಜ್ಜಿ ಬಾಯಿಯ ಮೇಲೆ ಪಟ್ಟೆಂದು ಹೊಡೆದರು. "ಬಿಡ್ತು ಅನ್ನು! ಮೊದಲು ಬಿಡ್ತು ಅನ್ನು!" ಗಾಳಿಯಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರಂತೆ. ನಾವು ಆಡಿದ ಮಾತು ಅವರ ಕಿವಿಗೆ ಬಿದ್ದು ಅವರು 'ಅಸ್ತು' ಎಂದುಬಿಟ್ಟರೆ ಮುಗಿಯಿತಂತೆ. ಆ ದಿನ ನಾನು ಬಿಡ್ತು ಅಂದೆ, ಶಾಲೆಗೂ ಹೋದೆ. ಹೊಟ್ಟೆನೋವಿನ ಸುಳ್ಳು ಮಾತ್ರ ಆಮೇಲೆ ಎಂದೂ ಬಾಯಿಗೆ ಬರಲಿಲ್ಲ.

ಈ ದೇವತೆಗಳು ಪೀಣ್ಯದಲ್ಲಿ ನನ್ನ ಮೊದಲ ಕೆಲಸಕ್ಕೆ ಅಡ್ಡ ಬರುತ್ತಾರೆಂದು ಆಗ ನಾನು ಎಣಿಸಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಇಂಗ್ಲಿಷ್ ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿದ್ದ ಒಂದು ಖಾಸಗಿ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ, ವಾರದಲ್ಲಿ ಕೆಲವು ಗಂಟೆ ಇಂಗ್ಲಿಷ್ ಹೇಳಿಕೊಡುವವರು ಬೇಕಾಗಿದ್ದರು. ಸಂದರ್ಶನ ಮಾಡಿದವರು ಮೇಟ್ರನ್ ಫ್ಲೋರಾ. ಎತ್ತರದ ಹೆಂಗಸು. ಗಂಜಿ ಹಾಕಿದ ಬಿಳಿ ಸೀರೆಯಲ್ಲಿ ಮಡಿಕೆಗಳು ಕೂಡ ಅವರಿಗೆ ಹೆದರಿ ನೆಟ್ಟಗೆ ನಿಂತಂತೆ ಕಾಣುತ್ತಿದ್ದವು.

"ಏನು ಓದಿದೀರಿ?"

"ಇಂಗ್ಲಿಷ್ ಸಾಹಿತ್ಯ."

"ಅದರಲ್ಲಿ ರೋಗಿಗಳು ಬರ್ತಾರಾ?"

ನಾನು ಸ್ವಲ್ಪ ಯೋಚಿಸಿ, "ಬರ್ತಾರೆ ಮೇಡಂ. ಬಹಳ ಜನ ಸಾಯ್ತಾರೆ" ಎಂದೆ.

"ನಮ್ಮಲ್ಲಿ ಅದು ಬೇಡ. ಪೇಶೆಂಟಿಗೆ ಏನಾಗ್ತಿದೆ ಅಂತ ಡಾಕ್ಟ್ರಿಗೆ ನೆಟ್ಟಗೆ ಹೇಳೋದು ನಮ್ಮ ಹುಡುಗೀರಿಗೆ ಬಂದ್ರೆ ಸಾಕು. ನಾಳೆಯಿಂದ ಬನ್ನಿ."

ಮನೆಗೆ ಬಂದು ಯೋಚಿಸಿದಾಗ ನನ್ನ ಸ್ಥಿತಿ ಅರ್ಥವಾಯಿತು. ಹಳೆಯ ಕವಿತೆಯೊಂದರ ಛಂದಸ್ಸಿನ ಬಗ್ಗೆ ಪುಟಗಟ್ಟಲೆ ಬರೆಯಬಲ್ಲೆ. ಆದರೆ ಮಲಗಿದವರಿಗೆ ಬೆಡ್‌ಪ್ಯಾನ್ ಬೇಕೇ ಎಂದು ಇಂಗ್ಲಿಷಿನಲ್ಲಿ ಸಭ್ಯವಾಗಿ ಕೇಳುವುದು ಹೇಗೆ? ಅದನ್ನು ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ. ಅದೂ ಅಲ್ಲದೆ ನಾನು ಇನ್ನೊಬ್ಬರ ಮೈಯ ವಿಷಯ ಕೇಳುವವಳೇ ಅಲ್ಲ. ಹಾಸ್ಟೆಲಿನಲ್ಲಿ ಮೂರು ವರ್ಷ ಜೊತೆಗಿದ್ದ ಗೆಳತಿಗೆ ತಲೆನೋವೇ ಎಂದು ಕೇಳಲು ಕೂಡ ಸಂಕೋಚಪಡುತ್ತಿದ್ದವಳು.

ತರಗತಿ ನಡೆಯುತ್ತಿದ್ದದ್ದು ಆಸ್ಪತ್ರೆಯ ಉಗ್ರಾಣದ ಮೇಲಿನ ಮಹಡಿಯಲ್ಲಿ. ಕಡಿದಾದ ಮೆಟ್ಟಿಲು. ಕಿಟಕಿ ತೆಗೆದರೆ ಲೇತುಗಳ ಕಿರುಚಾಟ ಮತ್ತು ಕಾದ ಕಬ್ಬಿಣದ ವಾಸನೆ, ಮುಚ್ಚಿದರೆ ಶೆಕೆ. ಪಾಳಿ ಬದಲಾಗುವ ಸೈರನ್ ಕೂಗಿದಾಗ ಪಾಠ ನಿಲ್ಲಿಸಿ, ಅದು ಮುಗಿದ ಮೇಲೆ ಮುಂದುವರಿಸಬೇಕಿತ್ತು. ಕೆಳಗೆ ಬರುತ್ತಿದ್ದ ರೋಗಿಗಳಲ್ಲಿ ಹೆಚ್ಚಿನವರು ತಗಡು ಒತ್ತುವ ಪ್ರೆಸ್ಸಿಗೆ ಬೆರಳು ಕೊಟ್ಟವರು. ಎಣ್ಣೆ ಒರೆಸುವ ಬಟ್ಟೆಯನ್ನೇ ಕೈಗೆ ಸುತ್ತಿಕೊಂಡು, ಅದು ಕೆಂಪಾಗುತ್ತಿದ್ದರೂ "ಏನಿಲ್ಲ ಸಿಸ್ಟರ್, ಸ್ವಲ್ಪ ತಾಗ್ತು" ಎನ್ನುತ್ತಾ ಬರುತ್ತಿದ್ದರು.

ಹುಡುಗಿಯರೆಲ್ಲ ಸುತ್ತಮುತ್ತಲ ಹಳ್ಳಿಗಳವರು. ಲಗ್ಗೆರೆಯವರು, ಚಿಕ್ಕಬಾಣಾವರದಿಂದ ರೈಲಿನಲ್ಲಿ ಬರುವವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಶೆಡ್ಡುಗಳು ಎದ್ದು, ಅಪ್ಪಂದಿರು ವಠಾರ ಕಟ್ಟಿ ಬಾಡಿಗೆಗೆ ಕೊಟ್ಟ ಮನೆಗಳ ಮಕ್ಕಳು. ತರಗತಿಯ ಬಾಯಿ ಜಬೀನಾ. ಅವಳಪ್ಪ ಅಲ್ಲೇ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಕನ್ನಡವನ್ನು ಉರ್ದುವಿನ ರಾಗದಲ್ಲಿ ಮಾತಾಡುತ್ತಿದ್ದಳು, ಇಂಗ್ಲಿಷನ್ನು ಕನ್ನಡದ ರಾಗದಲ್ಲಿ. ತರಗತಿಯ ಮೌನ ಮುನಿಲಕ್ಷ್ಮಿ. ಲಗ್ಗೆರೆಯವಳು. ತೆಳ್ಳಗೆ, ಬಿಗಿಯಾಗಿ ಹೆಣೆದ ಜಡೆ, ಕೆನ್ನೆಯ ಮೇಲೆ ಯಾವಾಗಲೂ ಒಂದು ತೆಳು ಕೆಂಪು. ಎಲ್ಲರೂ ಬಂದು ಕೂತ ಮೇಲೆ ಬರುತ್ತಿದ್ದಳು. ಮೆಟ್ಟಿಲಿನ ತಿರುವಿನಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವುದು ಅವಳ ದಿನದ ಅಭ್ಯಾಸವಾಗಿತ್ತು.

ಬುಧವಾರಗಳಿಗೆಂದು ನಾನು ಯೋಚಿಸಿಟ್ಟಿದ್ದ ಪಾಠ ಸರಳ. ಮೂಲೆಯಲ್ಲಿದ್ದ ಕಬ್ಬಿಣದ ಮಂಚದ ಮೇಲೆ ಒಬ್ಬಳು ರೋಗಿಯಾಗಿ ಮಲಗಬೇಕು. ಇನ್ನೊಬ್ಬಳು ನರ್ಸಾಗಿ ವಿಚಾರಿಸಬೇಕು. ಎಲ್ಲಿ ನೋವು, ಯಾವಾಗಿನಿಂದ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ. ಕಡೆಯಲ್ಲಿ, ತನಗೆ ತಿಳಿಯದ್ದನ್ನು ತಾನೇ ತೀರ್ಮಾನಿಸದೆ, "ಐ ವಿಲ್ ಇನ್‌ಫಾರ್ಮ್ ದ ಡಾಕ್ಟರ್" ಎಂದು ಮುಗಿಸಬೇಕು. ನರ್ಸಾಗಲು ಎಲ್ಲರೂ ಮುಂದೆ ಬಂದರು. ರೋಗಿಯಾಗಲು ಒಬ್ಬಳೂ ಏಳಲಿಲ್ಲ.

"ಯಾಕಮ್ಮ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಜಬೀನಾ ಎದ್ದು ನಿಂತಳು. "ಮೇಡಂ, ನಂಗೆ ಎದೆನೋವು, ನಂಗೆ ಕಾಮಾಲೆ ಅಂತ ನಮ್ಮ ಬಾಯಿಂದ್ಲೇ ಹೇಳೋದಾ? ಇವರ ಅಸ್ತು ದೇವತೆ ಬಿಟ್ರೂ ನಮ್ಮ ಅಮ್ಮಿ ಬಿಡಲ್ಲ. ನಮ್ಮಲ್ಲಿ ಫರಿಶ್ತೆಗಳು ಅಂತ ದೇವದೂತರು, ಅವರು ಆಮೀನ್ ಅಂದ್ಬಿಟ್ರೆ ಏನ್ ಗತಿ?"

ಎಲ್ಲರೂ ನಕ್ಕರು, ಆದರೆ ಮಂಚದ ಹತ್ತಿರ ಯಾರೂ ಹೋಗಲಿಲ್ಲ. ದಿನವೂ ಕೆಳಗೆ ಕೀವು ಒರೆಸಿ, ರಕ್ತದ ಬಟ್ಟೆ ಒಗೆದು ಬರುವ ಹುಡುಗಿಯರು ಇವರು. ಕಾಯಿಲೆಗೆ ಹೆದರುವವರಲ್ಲ. ಅದನ್ನು 'ನನ್ನದು' ಎನ್ನಲು ಮಾತ್ರ ಸಿದ್ಧರಿರಲಿಲ್ಲ. ಅಜ್ಜಿಯ ಕೈ ನನ್ನ ಬಾಯಿಯ ಮೇಲೆ ಬಿದ್ದದ್ದು ನೆನಪಾಗಿ, ನನಗೂ ಒತ್ತಾಯಿಸಲು ಮನಸ್ಸಾಗಲಿಲ್ಲ.

ಹಾಗಾಗಿ ಮಂಚದ ಮೇಲೆ ಒಂದು ದಿಂಬನ್ನು ಮಲಗಿಸಿದೆವು. ಜಬೀನಾ ಅದಕ್ಕೆ ರಾಮಯ್ಯ ಎಂದು ಹೆಸರಿಟ್ಟಳು. ನರ್ಸು ರಾಮಯ್ಯನನ್ನು ಕೇಳುವುದು, ಪಕ್ಕದಲ್ಲಿ ನಿಂತವಳು ರಾಮಯ್ಯನ ಪರವಾಗಿ ಉತ್ತರಿಸುವುದು. ಲೋಕದ ಕಾಯಿಲೆಯೆಲ್ಲ ಆ ದಿಂಬಿಗೆ ಬಂತು.

"ಮೇಡಂ, ರಾಮಯ್ಯಂಗೆ ಹೋದ ವಾರ ಮೂಲವ್ಯಾಧಿ, ಈ ವಾರ ಹೆರಿಗೆ. ಪಾಪ, ಒಬ್ಬ ಮನುಷ್ಯ ಎಷ್ಟು ಅಂತ ತಡ್ಕೋತಾನೆ?" ಎಂದಳು ಜಬೀನಾ.

ಒಂದು ಬುಧವಾರ ಮೇಟ್ರನ್ ಬಂದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ರಾಮಯ್ಯನಿಗೆ ಆಗ ನಾಯಿ ಕಚ್ಚಿತ್ತು. ಮೇಟ್ರನ್ ನಗಲಿಲ್ಲ. "ಪರೀಕ್ಷೇಲಿ ದಿಂಬು ಮಾತಾಡಲ್ಲ. ಮನುಷ್ಯರನ್ನ ಮಲಗಿಸಿ" ಎಂದು ಹೇಳಿ ಹೋದರು. ನಾನು ದಿಂಬನ್ನು ತೆಗೆದೆ. ಖಾಲಿ ಮಂಚದ ಮುಂದೆ ಎಲ್ಲರೂ ನೆಲ ನೋಡುತ್ತ ನಿಂತರು.

ಆಗ ಮುನಿಲಕ್ಷ್ಮಿ ಮುಂದೆ ಬಂದಳು. ಮಂಚದ ಮೇಲೆ ಕೂತು, ಗೋಡೆಗೆ ಒರಗಿದಳು.

"ಮಲ್ಕೊಳೇ, ಪೇಶೆಂಟು ನೀನು," ಎಂದಳು ಜಬೀನಾ.

"ಈ ಪೇಶೆಂಟು ಕೂತ್ಕತಾಳೆ."

"ಲೇ, ನಿಂಗೆ ಭಯ ಇಲ್ವೇನೇ? ಅಸ್ತು ಅಂದ್ಬಿಟ್ರೆ?"

"ಅವಕ್ಕೆ ಇಂಗ್ಲೀಸು ಬರಾಕಿಲ್ಲ ಬಿಡು," ಎಂದಳು ಮುನಿಲಕ್ಷ್ಮಿ.

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಇಡೀ ವರ್ಷದಲ್ಲಿ ಅವಳು ಆಡಿದ ಮೊದಲ ತಮಾಷೆ ಅದು.

ಅಂದಿನಿಂದ ರೋಗಿಯ ಪಾತ್ರ ಅವಳದ್ದಾಯಿತು. ಆ ಹುಡುಗಿಯ ಬಾಯಿಂದ ಇಂಗ್ಲಿಷ್ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಬರುತ್ತಿದ್ದದ್ದು ಸರಿಯಾದ ಇಂಗ್ಲಿಷೂ ಅಲ್ಲ. ಆದರೆ ಕೇಳುತ್ತ ಕೂರುವಂತಿತ್ತು. ಮೆಟ್ಟಿಲು ಹತ್ತುವಾಗ ನನ್ನ ಎದೆ ನನಗಿಂತ ಮುಂದೆ ಓಡುತ್ತದೆ, ನಾನು ಹಿಂದೆ ಉಳಿಯುತ್ತೇನೆ, ಎಂದಳು ಒಮ್ಮೆ. ನೀರು ತುಂಬಿದ ಬಿಂದಿಗೆ ಎತ್ತಿದರೆ ಬಿಂದಿಗೆಯೇ ನನ್ನನ್ನು ಎತ್ತಿದಂತಾಗುತ್ತದೆ, ಎಂದಳು ಇನ್ನೊಮ್ಮೆ. ಪುಸ್ತಕದಲ್ಲಿ ಇಲ್ಲದ ಮಾತುಗಳು. ಸಾಹಿತ್ಯ ಓದಿದವಳಲ್ಲವೇ ನಾನು, ಕಲ್ಪನೆ ಎಷ್ಟು ಚೆನ್ನಾಗಿದೆ ಎಂದು ಖುಷಿಪಟ್ಟೆ. ಉಳಿದವರಿಗೆ, "ನೋಡಿ, ರೋಗಿ ಅಂದರೆ ಹೀಗೆ ಮಾತಾಡಬೇಕು" ಎಂದೂ ಹೇಳಿದೆ.

ಅವಳನ್ನು ನೋಡಿ ಬೇರೆಯವರಿಗೂ ಧೈರ್ಯ ಬಂತು. ಜಬೀನಾ ಕೂಡ ಒಮ್ಮೆ ಬಾಯಲ್ಲಿ ಏನೋ ಪ್ರಾರ್ಥನೆ ಗೊಣಗಿಕೊಂಡು ಮಂಚ ಹತ್ತಿ ಕಾಲು ಮುರಿದುಕೊಂಡಳು. ಹಾಗೆ ಹಲವರನ್ನು ಕೇಳಿದ ಮೇಲೆಯೇ ನನಗೊಂದು ವಿಷಯ ಕಾಣತೊಡಗಿದ್ದು. ಬೇರೆಯವರ ಕಾಯಿಲೆಗಳು ವಾರಕ್ಕೊಂದು. ಮಾತಿನ ಮಧ್ಯದಲ್ಲೇ ಬಲಗಾಲು ಎಡಗಾಲಾಗುತ್ತಿತ್ತು, ನಿನ್ನೆಯ ಜ್ವರ ಹೋದ ವರ್ಷದ್ದಾಗುತ್ತಿತ್ತು. ಕಟ್ಟಿದ ಕತೆ ಹಾಗೇ ಅಲ್ಲವೇ? ಮುನಿಲಕ್ಷ್ಮಿಯ ರೋಗಿಗೆ ಮಾತ್ರ ಯಾವಾಗಲೂ ಒಂದೇ ಕಾಯಿಲೆ. ಅದು ಎಲ್ಲಿಯೂ ತಪ್ಪುತ್ತಿರಲಿಲ್ಲ. ಮೊದಲು ರಾತ್ರಿ ಒಂದು ದಿಂಬಿಟ್ಟು ಮಲಗುತ್ತಿದ್ದ ಆ ರೋಗಿಗೆ ಮಳೆಗಾಲದ ಹೊತ್ತಿಗೆ ಎರಡು ಬೇಕಾಯಿತು. ಆಯುಧಪೂಜೆಗೆ ಶೆಡ್ಡುಗಳ ಮುಂದೆಲ್ಲ ಬಾಳೆಕಂದು ಕಟ್ಟಿದ ವಾರ, ಈಗ ಮಲಗಲು ಆಗುವುದಿಲ್ಲ, ರಾತ್ರಿಯೆಲ್ಲ ಕೂತೇ ಇರುತ್ತೇನೆ, ಎಂದಳು. ಕಲ್ಪನೆಗೆ ಇಷ್ಟು ನೆನಪಿನ ಶಕ್ತಿ ಇರುವುದಿಲ್ಲ.

ಆ ಬುಧವಾರ ಉಳಿದವರು ಕೆಳಗಿಳಿದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಹೇಗೆ ಕೇಳಬೇಕೆಂದು ತಿಳಿಯದೆ ಕಿಟಕಿ ಮುಚ್ಚಿದೆ, ಮತ್ತೆ ತೆಗೆದೆ.

"ಲಕ್ಷ್ಮಿ, ನಿನಗೆ ನಿಜವಾಗಲೂ ಹೀಗಾಗುತ್ತಾ?"

"ಎಂಗೆ ಮೇಡಂ?"

"ಮಂಚದ ಮೇಲೆ ಹೇಳ್ತೀಯಲ್ಲ, ಹಾಗೆ."

"ಅಯ್ಯೋ ಇಲ್ಲ ಮೇಡಂ. ಅದು ಪಾಠ ಅಲ್ವಾ? ನಂಗೇನಾಗೈತೆ, ಗುಂಡುಕಲ್ಲಿದ್ದಂಗಿದೀನಿ," ಎಂದು ನಕ್ಕಳು. ನಗುವಿನ ಕೊನೆಯಲ್ಲಿ ಸಣ್ಣ ಕೆಮ್ಮು ಬಂತು. ಅದನ್ನು ನುಂಗಿಕೊಂಡಳು.

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ನನ್ನ ಸ್ವಭಾವಕ್ಕೆ ಅದೇ ಸರಿಹೊಂದುತ್ತಿತ್ತು. ಇನ್ನೊಬ್ಬರು ಮುಚ್ಚಿಕೊಂಡದ್ದನ್ನು ತೆರೆದು ನೋಡಬಾರದೆಂದೇ ನಾನು ಬೆಳೆದದ್ದು. ಆದರೆ ಅವಳು ಹೋಗದೆ ನಿಂತಿದ್ದಳು. ನಾನು ಸುತ್ತಿಕೊಂಡು ಮಂಚದ ಆ ಕಡೆಗೆ ಹೋದೆ, ನರ್ಸು ನಿಲ್ಲುವ ಕಡೆಗೆ. ಚಾರ್ಟಿನ ಹಲಗೆ ಕೈಗೆ ತೆಗೆದುಕೊಂಡು, ತರಗತಿಯಲ್ಲಿ ಕೇಳುವ ಹಾಗೆಯೇ ಇಂಗ್ಲಿಷಿನಲ್ಲಿ, ಈ ದಿನ ಹೇಗಿದ್ದೀರಿ ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. ನಿಧಾನವಾಗಿ ಬಂದು ಮಂಚದ ಮೇಲೆ ಕೂತಳು.

"ನಾಟ್ ಗುಡ್, ಸಿಸ್ಟರ್."

ಆಮೇಲೆ ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲೇ. ಮುರುಕು ಇಂಗ್ಲಿಷು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. ಚಪ್ಪಟೆಯಾಗಿ ಮಲಗಿದರೆ ಬಾವಿಯಲ್ಲಿ ಮುಳುಗಿದ ಹಾಗಾಗುತ್ತದೆ. ಬೆಳಿಗ್ಗೆ ಕೆಮ್ಮು. ಒಂದು ದಿನ ಟವೆಲಿನಲ್ಲಿ ಕೆಂಪು ಕಂಡಿತು, ಅವ್ವ ಏಳುವ ಮೊದಲೇ ನಲ್ಲಿಯ ಹತ್ತಿರ ಒಗೆದು ಹಾಕಿದೆ. ವಾರ್ಡಿನಲ್ಲಿ ಬಕೆಟ್ ಎತ್ತಬೇಕಾದಾಗ ಜಬೀನಾಳನ್ನು ಏನಾದರೂ ಕೆಣಕುತ್ತೇನೆ. ಅವಳು ಜಗಳಕ್ಕೆ ಬಂದು, ಕೋಪದಲ್ಲಿ ಬಕೆಟನ್ನು ತಾನೇ ಕಿತ್ತುಕೊಂಡು ಹೋಗುತ್ತಾಳೆ.

"ಇದನ್ನು ಯಾರಿಗಾದರೂ ಹೇಳಿದ್ದೀರಾ?" ಎಂದೆ. ನನ್ನ ಧ್ವನಿ ನರ್ಸಿನದಾಗಿ ಉಳಿದಿರಲಿಲ್ಲ.

"ನಿಮಗೆ ಹೇಳುತ್ತಿದ್ದೇನಲ್ಲ," ಎಂದಳು. "ಪ್ರತಿ ಬುಧವಾರ."

ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂಬುದಕ್ಕೆ ಅವಳ ಬಳಿ ಸ್ಪಷ್ಟ ಉತ್ತರವಿತ್ತು. ಸೇರುವಾಗ ತೂಕ ನೋಡಿ, ನಾಲಿಗೆ ನೋಡಿ ಸೇರಿಸಿಕೊಂಡಿದ್ದರು. ಈಗ ತಿಳಿದರೆ ಅನ್‌ಫಿಟ್ ಎಂದು ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಅಪ್ಪ ಮಾಗಡಿ ಕಡೆಯ ಒಂದು ಗಂಡನ್ನು ನೋಡಿಟ್ಟಿದ್ದಾರೆ. ಟ್ರೈನಿಂಗ್ ಇದೆಯೆಂಬ ಕಾರಣಕ್ಕೆ ಲಗ್ನ ನಿಂತಿದೆ. ಹೆರಿಗೆ ವಾರ್ಡಿನಲ್ಲಿ ಎದೆ ಸರಿಯಿಲ್ಲದ ಬಸುರಿಯೊಬ್ಬಳು ಹೋಗಿಬಿಟ್ಟದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು. ಸೀಟು ಹೋದರೆ ಏನಾಗುತ್ತದೆಂದು ಅವಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಏನಾಗುತ್ತದೆಂದೂ ಗೊತ್ತಿತ್ತು.

"ಐ ವಿಲ್ ಇನ್‌ಫಾರ್ಮ್ ದ ಡಾಕ್ಟರ್," ಎಂದೆ. ಹೇಳಿದ ಮೇಲೆ, ಇದಕ್ಕೆ ಅವಳ ಒಪ್ಪಿಗೆ ಬೇಕು ಅನ್ನಿಸಿತು. ಕಾಯುತ್ತ ನಿಂತೆ. ಹೊರಗೆ ಸೈರನ್ ಶುರುವಾಗಿ, ಕೂಗಿ ಕೂಗಿ ನಿಂತಿತು. ಅವಳು ಮಂಚದ ಕಂಬಿಯನ್ನು ಹಿಡಿದು ಎದ್ದು, "ಇನ್‌ಫಾರ್ಮ್," ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಮೇಟ್ರನ್ ಫ್ಲೋರಾ ನಾನು ಹೇಳಿದ್ದನ್ನು ಕುರ್ಚಿಯಲ್ಲಿ ಅಲುಗಾಡದೆ ಕೂತು ಕೇಳಿದರು. "ನೀವು ಇಂಗ್ಲಿಷ್ ಟೀಚರ್ರೋ ಡಾಕ್ಟ್ರೋ?" ಎಂದರು ಮೊದಲು. ಆಮೇಲೆ ಅವಳನ್ನು ಕರೆಸಿ, ಬಾಗಿಲು ಹಾಕಿ, ಸ್ಟೆತಾಸ್ಕೋಪನ್ನು ಅವಳ ಎಡಪಕ್ಕೆಯ ಮೇಲಿಟ್ಟು ಬಹಳ ಹೊತ್ತು ಆಲಿಸಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕಿವಿಯಿಂದ ತೆಗೆದು ಮಡಿಸಿಟ್ಟ ಮೇಲೆ ನನ್ನ ಕಡೆ ತಿರುಗಿದರು.

"ನನ್ನ ಕಿವಿಗೆ ಬಿತ್ತಲ್ಲ, ಇನ್ನು ಗೊತ್ತಿಲ್ಲ ಅನ್ನೋ ಹಾಗಿಲ್ಲ. ಸೋಮವಾರ ಸ್ಕೂಲ್ ಕಮಿಟಿ ಸೇರುತ್ತೆ. ಅಷ್ಟರಲ್ಲಿ ಸಿಟೀಲಿ ಹಾರ್ಟ್ ಡಾಕ್ಟ್ರಿಗೆ ತೋರಿಸಿ. ವಾಸಿ ಮಾಡಬಹುದು ಅಂತ ಅವರ ಬಾಯಲ್ಲಿ ಬಂದ್ರೆ ರಜಾ ಅಂತ ಮಾಡ್ಸಿ ಸೀಟು ಇಟ್ಕೋತೀನಿ. ಇಲ್ದೆ ಹೋದ್ರೆ ನನ್ನ ಕೈಲಿ ಏನಿಲ್ಲ." ಮುನಿಲಕ್ಷ್ಮಿಯ ಕಡೆ ನೋಡದೆಯೇ, "ಮನೇಲಿ ಹೇಳಿದೀಯೇನೇ?" ಎಂದರು.

"ಇಲ್ಲ ಮೇಡಂ."

"ದೊಡ್ಡೋರು ಒಬ್ಬರು ಜೊತೆಗೆ ಬರಬೇಕು."

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಕಾಯಿಸುವ ಉದ್ದೇಶ ನನಗಿಲ್ಲ. ಚಿಕ್ಕಂದಿನ ಒಂದು ಜ್ವರದಿಂದ ಅವಳ ಹೃದಯದ ಕವಾಟವೊಂದು ಕಿರಿದಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಬಿಡಿಸಿದರು. ಅವಳು ಉಳಿದಳು. ಸೀಟೂ ಉಳಿಯಿತು, ಮರುವರ್ಷ ತನಗಿಂತ ಕಿರಿಯರ ಜೊತೆ ಕೂತು ಟ್ರೈನಿಂಗ್ ಮುಗಿಸಿದಳು. ವಾರ್ಡಿನ ಓಡಾಟ ಬೇಡವೆಂದು ಹೊರರೋಗಿಗಳ ಕಡೆ ಹಾಕಿದರು. ಅದು ಅವಳಿಗೆ ಬೇಸರದ ವಿಷಯವಾಗಿಯೇ ಉಳಿಯಿತು. ಮಾಗಡಿಯ ಗಂಡು ಬೇರೆ ಕಡೆ ಮದುವೆಯಾದ. ಇದೆಲ್ಲ ಒಳ್ಳೆಯದೇ ಆಯಿತು. ಆದರೆ ಈ ಬರಹಕ್ಕೆ ಕೂತಾಗ ನನ್ನ ಕಣ್ಣಮುಂದೆ ಇರುವುದು ಅದಲ್ಲ. ಆ ಶುಕ್ರವಾರ ಸಿಟಿಯ ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲಿ ಇದ್ದ ಒಂದು ಮರದ ಬೆಂಚು.

ಅವಳ ತಾಯಿ ಬಂದಿದ್ದರು. ಕುಳ್ಳಗಿನ, ಕಪ್ಪಗಿನ ಹೆಂಗಸು, ಹಣೆಯಲ್ಲಿ ಅಗಲವಾದ ಕುಂಕುಮ. ಟ್ರೈನಿಂಗ್ ವಿಷಯಕ್ಕೆ ಸಿಟಿ ಆಸ್ಪತ್ರೆಗೆ ಹೋಗಬೇಕು ಎಂದಷ್ಟೇ ಮಗಳು ಹೇಳಿದ್ದಳು. ತಾಯಿ ಏನು, ಯಾಕೆ ಎಂದು ಒಂದೂ ಕೇಳಿರಲಿಲ್ಲ. ಬಸ್ಸಿನಲ್ಲಿ ಖಾಲಿಯಿದ್ದ ಕಿಟಕಿಯ ಸೀಟಿಗೆ ಮಗಳನ್ನು ತಳ್ಳಿ, "ಗಾಳಿ ಬತ್ತದೆ, ಕುಂತ್ಕ" ಎಂದಿದ್ದರು. ದಾರಿಯುದ್ದಕ್ಕೂ ಆಡಿದ್ದು ಅದೊಂದೇ ಮಾತು.

ಒಳಗೆ ಹೃದ್ರೋಗದ ಡಾಕ್ಟರು, ನರ್ಸಿಂಗ್ ವಿದ್ಯಾರ್ಥಿನಿ ಎಂದು ತಿಳಿದು ಅವಳೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು. ಅವಳು ಚೆನ್ನಾಗಿ ಉತ್ತರಿಸಿದಳು. ಮೆಟ್ಟಿಲು, ಕೆಮ್ಮು, ನಿದ್ದೆ, ಎಲ್ಲವನ್ನೂ ಹೇಳಿದಳು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಆಮೇಲೆ ಡಾಕ್ಟರು ಹಿಂದಿನದನ್ನು ಕೇಳಿದರು. ಚಿಕ್ಕವಳಿದ್ದಾಗ ಕೀಲು ಊದಿಕೊಂಡು ಜ್ವರ ಬಂದಿತ್ತೇ? ಯಾವ ವಯಸ್ಸಿನಲ್ಲಿ? ಮತ್ತೆ ಮತ್ತೆ ಬಂತೇ? ಮ‌ನೆಯಲ್ಲಿ ಬೇರೆ ಮಕ್ಕಳಿಗೆ ಹೀಗೆ ಆಗಿತ್ತೇ? ಅವಳಿಗೆ ಗೊತ್ತಿರಲಿಲ್ಲ.

"ಹೊರಗೆ ನಿಮ್ಮ ತಾಯಿ ಇದ್ದಾರಲ್ಲ, ಕೇಳಿಕೊಂಡು ಬಾ," ಎಂದರು ಡಾಕ್ಟರು, ಈಗ ಕನ್ನಡದಲ್ಲಿ. "ಅದು ಗೊತ್ತಾಗದೆ ನಾನು ಏನೂ ಹೇಳೋಕಾಗಲ್ಲ."

ಮುನಿಲಕ್ಷ್ಮಿ ಹೊರಗೆ ಬಂದಳು. ಹಿಂದೆ ನಾನು. ತಾಯಿ ಬೆಂಚಿನ ತುದಿಯಲ್ಲಿ ಕೂತಿದ್ದರು. ಮಗಳು ಪಕ್ಕದಲ್ಲಿ ಕೂತು, "ಅವ್ವ..." ಎಂದು ಶುರುಮಾಡಿದಳು. ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ನೀವೇ ಹೇಳಿ ಎಂಬ ನೋಟ ಅದು. ಹೇಳಿಬಿಡಲು ನಾನು ಬಾಯಿ ತೆರೆದೆ ಕೂಡ. ಆದರೆ ಅಷ್ಟರಲ್ಲಿ ಅವಳು ಮುಖ ತಿರುಗಿಸಿಕೊಂಡು, ತನ್ನ ಕೈಗಳನ್ನೇ ನೋಡುತ್ತ, ಕನ್ನಡದಲ್ಲಿ ಹೇಳಿದಳು.

"ಅವ್ವ, ನನ್ನ ಗುಂಡಿಗೆ ನೆಟ್ಟಗಿಲ್ಲ ಕಣವ್ವ. ಮೆಟ್ಲು ಅತ್ತಕ್ಕಾಗಕಿಲ್ಲ. ಮಲಿಕ್ಕಂಡ್ರೆ ಉಸಿರು ಕಟ್ತದೆ. ಬಾಯಲ್ಲಿ ರಕ್ತಾನೂ ಬಂದಿತ್ತು."

ತಾಯಿ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಗೊತ್ತು ಕಣೆ," ಎಂದರು.

ಮಗಳು ತಲೆಯೆತ್ತಿದಳು.

"ಗ್ವಾಡೆಗೆ ಒರಗ್ಕಂಡು ಕುಂತಿರ್ತಿದ್ದೆಯಲ್ಲ, ನಾನೇನು ನಿದ್ದೆ ಮಾಡ್ತಿದ್ನಾ? ಕಣ್ಣು ಮುಚ್ಕಂಡು ನಿನ್ನ ಉಸಿರು ಕೇಳಿಸ್ಕಂಡು ಬಿದ್ದಿರ್ತಿದ್ದೆ."

"ಮತ್ಯಾಕವ್ವ ಒಂದು ಮಾತು ಯೋಳ್ನಿಲ್ಲ?"

"ಎಂಗೇಳ್ಲಿ? ನಿಮ್ಮಕ್ಕಂಗೆ ಇಂಗೇ ಆದಾಗ ನಾನೇ ಬಾಯಿಬುಟ್ಟು ಯೋಳ್ದೆ. ಬೀದಿಗೆಲ್ಲ ಯೋಳ್ದೆ, ನನ್ನ ಮಗ್ಳು ಉಳಿಯಾಕಿಲ್ಲ ಕಣ್ರವ್ವಾ ಅಂತ. ಯೋಳ್ದಂಗೇ ಆಗೋಯ್ತು. ನಿಂಗೂ ಮಂಡಿ ಊದ್ಕಂಡಾಗ್ಲೇ ನನ್ನ ಬಾಯಿ ಕಟ್ಟಾಕ್ಕಂಡೆ." ಸೆರಗಿನಿಂದ ಮುಖವನ್ನು ಒಂದು ಸಲ ಒತ್ತಿಕೊಂಡರು. "ನಿಮ್ಮಪ್ಪ ಲಗ್ನ ಲಗ್ನ ಅಂತ ಕುಂತಿದ್ರು. ನಾನೇ ಅಟ ಇಡ್ದು ನಿನ್ನ ಆ ನರ್ಸು ಇಸ್ಕೂಲಿಗೆ ಆಕ್ಸಿದ್ದು. ಆಸ್ಪತ್ರೇಲಿ ಡಾಕ್ಟ್ರುಗಳು ಓಡಾಡ್ತಿರ್ತಾರೆ, ಯಾರಾನಾ ಒಬ್ರು ಕಂಡ್ಕತಾರೆ, ನಾನು ಬಾಯಿ ಬುಡೋ ಅಂಗಿಲ್ಲ ಅಂತ. ದಿನಾ ಸಂಜೆ ನೀನು ಬಂದಾಗ ಮಕ ನೋಡ್ತಿದ್ದೆ, ಇವತ್ತಾದ್ರೂ ಯಾರಾನಾ ಕಂಡ್ರಾ ಅಂತ."

ಪಡಸಾಲೆಯಲ್ಲಿ ಜನ ಓಡಾಡುತ್ತಿದ್ದರು. ಯಾರೋ ಹೆಸರು ಕೂಗಿದರು. ತಾಯಿ ನನ್ನ ಕಡೆ ತಿರುಗಿ, "ಇಂಗ್ಲೀಸು ಮೇಡಮ್ನೋರು ನೀವೇನಾ?" ಎಂದರು. ಹೌದೆಂದೆ. ಅವರು ನನ್ನ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟರು.

ಮುನಿಲಕ್ಷ್ಮಿ ಕಣ್ಣೊರೆಸಿಕೊಂಡು, ಡಾಕ್ಟರಿಗೆ ಹೇಳಲು ಎದ್ದಳು. ತಾಯಿ ಅವಳ ಭುಜ ಒತ್ತಿ ಮತ್ತೆ ಕೂರಿಸಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲಲ್ಲಿ ನಿಂತಿದ್ದವನು "ಕರೆದಾಗ ಬಾರಮ್ಮ" ಎಂದದ್ದನ್ನು ಕೇಳಿಸಿಕೊಳ್ಳದೆ, ಪರದೆ ಸರಿಸಿ ಒಳಗೆ ಹೋದರು. ಅವರ ದನಿ ನಮಗೆ ಹೊರಗೆ ಸ್ಪಷ್ಟವಾಗಿ ಕೇಳಿಸಿತು.

"ಸಾಮಿ, ಆ ಮಗಿನ ತಾಯಿ ನಾನು. ಅವಳಿಗೆ ತಿಳೀದು, ನಾನೇ ಯೋಳ್ತೀನಿ. ಮೊದಲು ಊದ್ಕಂಡಿದ್ದು ಬಲಗಾಲು ಮಂಡಿ. ಬರ್ಕಳಿ."